ಸೀಮಿತ ಆವೃತ್ತಿಯ ರೇಸಿಂಗ್ ಹೆಲ್ಮೆಟ್: ಗುರುತಿಸುವ, ಕೊಳ್ಳುವ ಮತ್ತು ಕಾಪಾಡುವ ಕ್ರಮ

ಮೋಟಾರ್‌ಸೈಕಲ್ ರೇಸಿನಲ್ಲಿ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಮೈ ಬಾಗಿಸಿ ಹಾದುಹೋಗುವ ಸವಾರನ ಗುರುತು ನೋಡುಗರಿಗೆ ಸಿಗುವುದು ಅವನ ಹೆಲ್ಮೆಟ್ಟಿನ ಬಣ್ಣ ಮತ್ತು ಚಿತ್ರಗಳಿಂದಲೇ. 1976 ಮತ್ತು 1977ರಲ್ಲಿ 500 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಆದ ಬ್ಯಾರಿ ಶೀನ್ ಅವರ ಕಪ್ಪು ಹೆಲ್ಮೆಟ್ಟಿನ ಮೇಲೆ ಡೊನಾಲ್ಡ್ ಡಕ್ ಇತ್ತು. ಮಾರ್ಕ್ ಮಾರ್ಕೆಸ್ ಅವರ ಹೆಲ್ಮೆಟ್ ಎಂದರೆ ಇರುವೆಯ ಚಿತ್ರ ಕಣ್ಣಿಗೆ ಬರುತ್ತದೆ. ವ್ಯಾಲೆಂಟಿನೊ ರೋಸ್ಸಿ ಅವರಂತೂ ವಿನ್ಯಾಸಕ ಆಲ್ಡೊ ದ್ರೂದಿ ಅವರ ಜೊತೆಗೂಡಿ ತಮ್ಮ ಮನಸ್ಸಿನಲ್ಲಿದ್ದುದನ್ನೆಲ್ಲ ಹೆಲ್ಮೆಟ್ಟಿನ ಮೇಲೆಯೇ ಹೇಳಿದರು. 2008ರ ಮುಜೆಲ್ಲೊ ರೇಸಿನಲ್ಲಿ ಅವರು ತೊಟ್ಟ ಹೆಲ್ಮೆಟ್ಟಿನ ನೆತ್ತಿಯ ಮೇಲೆ, ನೇರ ಹಾದಿಯ ಕೊನೆಯಲ್ಲಿ ಬ್ರೇಕ್ ಹಿಡಿಯುವ ಕ್ಷಣದ ತಮ್ಮದೇ ಕಂಗೆಟ್ಟ ಮುಖದ ಚಿತ್ರವಿತ್ತು. ಮರುವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಬಿದ್ದ ತಪ್ಪನ್ನು ಒಪ್ಪಿಕೊಂಡು, ಮಿಸಾನೊದಲ್ಲಿ ಕತ್ತೆಯ ಚಿತ್ರದ ಹೆಲ್ಮೆಟ್ ತೊಟ್ಟು ಓಡಿ ಗೆದ್ದರು. ಇಂಥ ಹೆಲ್ಮೆಟ್‌ಗಳ ಸೀಮಿತ ಆವೃತ್ತಿಗಳನ್ನು ಕೂಡಿಡುವ ಆಸೆ ಸಹಜವಾದದ್ದು, ಗೌರವಕ್ಕೆ ತಕ್ಕದ್ದು.

ಆದರೆ ಆಸೆ ಹುಟ್ಟಿಸುವ ಚಿತ್ರ ಹೆಲ್ಮೆಟ್ಟಿನ ಹೊರಗಿರುತ್ತದೆ, ಅದರ ಸಾಚಾತನದ ಸಾಕ್ಷಿ ಬಹುಪಾಲು ಒಳಗಿರುತ್ತದೆ. ಗದ್ದದ ಪಟ್ಟಿಗೆ ಹೊಲಿದ ಸಣ್ಣ ಚೀಟಿ, ಒಳಮೆತ್ತೆಯ ಅಡಿಯಲ್ಲಿರುವ ದಿನಾಂಕ, ಪೆಟ್ಟಿಗೆಯ ಬದಿಯ ಸಂಖ್ಯೆ ಇವುಗಳನ್ನು ಓದಲು ಕಲಿತವರು ಹಣವನ್ನೂ ಉಳಿಸಿಕೊಳ್ಳುತ್ತಾರೆ, ಒಳ್ಳೆಯ ವಸ್ತುವನ್ನೂ ಪಡೆಯುತ್ತಾರೆ. ಆದ್ದರಿಂದ ಈ ಬರಹದಲ್ಲಿ ಚಿತ್ರಗಳಿಗಿಂತ ಚೀಟಿಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೊಳ್ಳುವ ಮೊದಲು ತೀರ್ಮಾನಿಸಬೇಕಾದದ್ದು

ಹೆಲ್ಮೆಟ್ಟನ್ನು ತೊಡಲು ಕೊಳ್ಳುತ್ತೀರೋ, ಇಡಲು ಕೊಳ್ಳುತ್ತೀರೋ ಎಂಬುದನ್ನು ಎಲ್ಲಕ್ಕಿಂತ ಮೊದಲು ನಿರ್ಧರಿಸಿಕೊಳ್ಳಿ. ಎರಡೂ ಆಗಲಿ ಎಂದು ಹೊರಟವರಿಗೆ ಸಾಮಾನ್ಯವಾಗಿ ಎರಡೂ ಸರಿಯಾಗಿ ದಕ್ಕುವುದಿಲ್ಲ. ತೊಟ್ಟ ಹೆಲ್ಮೆಟ್ಟಿನಲ್ಲಿ ಬೆವರಿನ ಕಲೆ, ವೈಸರಿನ ಗೀರು, ಕೆಳ ಅಂಚಿನ ಸವೆತ ಕಾಣಿಸಿಕೊಂಡು ಸಂಗ್ರಹದ ಬೆಲೆ ಇಳಿಯುತ್ತದೆ; ಬಹುಕಾಲ ಇಟ್ಟ ಹೆಲ್ಮೆಟ್ಟಿನ ಒಳಗಿನ ಅಂಟು, ಮೆತ್ತೆ, ರಬ್ಬರುಗಳು ಹಳತಾಗಿ ರಕ್ಷಣೆಯ ಭರವಸೆ ತಗ್ಗುತ್ತದೆ. ಹೆಲ್ಮೆಟ್‌ಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ಅಮೆರಿಕದ ಸ್ನೆಲ್ ಪ್ರತಿಷ್ಠಾನ ಹೆಲ್ಮೆಟ್ಟನ್ನು ಐದು ವರ್ಷಕ್ಕೊಮ್ಮೆ ಬದಲಿಸುವಂತೆ ಸಲಹೆ ಕೊಡುತ್ತದೆ. ಹೀಗಿರುವಾಗ, ಹದಿನೈದು ವರ್ಷ ಪೆಟ್ಟಿಗೆಯಲ್ಲೇ ಇದ್ದ ಹೊಚ್ಚಹೊಸದರಂತೆ ಕಾಣುವ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡು ರಸ್ತೆಗೆ ಇಳಿಯುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಇಡುವ ಹೆಲ್ಮೆಟ್ಟನ್ನು ಇಡಿ, ಓಡಿಸಲು ಬೇರೆಯದನ್ನು ಕೊಳ್ಳಿ.

ಎರಡನೆಯದಾಗಿ, ಮಾರಾಟಗಾರರು ಒಂದೇ ಉಸಿರಿನಲ್ಲಿ ಹೇಳುವ ಹಲವು ಬಗೆಗಳನ್ನು ಬೇರೆಬೇರೆಯಾಗಿ ತಿಳಿದಿರಬೇಕು. ಸವಾರರೊಬ್ಬರ ವಿನ್ಯಾಸವನ್ನು ತಯಾರಕರೇ ಅಚ್ಚು ಹಾಕಿ ಬೇಡಿಕೆಯಿರುವಷ್ಟು ಕಾಲ ಮಾರುವುದು ರೆಪ್ಲಿಕಾ. ನಿಗದಿತ ಸಂಖ್ಯೆಯಲ್ಲಿ ಮಾಡಿ, ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟು ಹೊರತರುವುದು ನಿಜವಾದ ಸೀಮಿತ ಆವೃತ್ತಿ. ಒಂದು ವರ್ಷಕ್ಕೆ ಅಥವಾ ಒಂದು ರೇಸಿಗೆ ಮಾತ್ರ ಸೀಮಿತವಾದ, ಆದರೆ ಕ್ರಮಸಂಖ್ಯೆ ಇಲ್ಲದ ಆವೃತ್ತಿಗಳೂ ಇವೆ. ಜಪಾನಿನ ಹೆಲ್ಮೆಟ್ ತಯಾರಕ ಅರಾಯ್ ಸಂಸ್ಥೆ ಐಲ್ ಆಫ್ ಮ್ಯಾನ್ ಟಿಟಿ ರೇಸಿಗಾಗಿ ತರುತ್ತಿರುವ ವಾರ್ಷಿಕ ವಿನ್ಯಾಸಗಳನ್ನು ಹಲವರು ವರ್ಷ ತಪ್ಪದಂತೆ ಕೂಡಿಸುತ್ತಾರೆ. ಹಳೆಯ ಕಾಲದ ಹೆಲ್ಮೆಟ್ಟಿನ ರೂಪವನ್ನು ಇಂದಿನ ಮಾನದಂಡಕ್ಕೆ ಹೊಂದಿಸಿ ಮತ್ತೆ ಮಾಡಿದವು ಇನ್ನೊಂದು ಬಗೆ. ಹಳೆಯ ಕಾಲದ ಚಾಂಪಿಯನ್ ಸವಾರ ಜಾಕೊಮೊ ಅಗೋಸ್ತಿನಿ ಅವರ ಕಾಲದ ಆಕಾರವನ್ನು ನೆನಪಿಸುವ, ಇಟಲಿಯ ತಯಾರಕ ಸಂಸ್ಥೆ ಎಜಿವಿಯ ಎಕ್ಸ್3000 ಇದಕ್ಕೆ ಉದಾಹರಣೆ. ಅದು 1970ರ ದಶಕದ ವಸ್ತುವಲ್ಲ, ಹಾಗೆಂದು ಯಾರಾದರೂ ಮಾರುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ಕೊನೆಯ ಬಗೆ ಬಣ್ಣದ ಕಲಾವಿದರು ಖಾಲಿ ಹೆಲ್ಮೆಟ್ಟಿನ ಮೇಲೆ ಬರೆದುಕೊಟ್ಟದ್ದು. ಕೈಕೆಲಸವಾಗಿ ಅದು ತಯಾರಕರ ರೆಪ್ಲಿಕಾಕ್ಕಿಂತ ಸೊಗಸಾಗಿರಬಹುದು. ಆದರೂ ತಯಾರಕರ ಸೀಮಿತ ಆವೃತ್ತಿ ಎಂಬ ಹೆಸರು ಅದಕ್ಕೆ ಸಲ್ಲದು. ರೇಸಿನಲ್ಲಿ ಸವಾರರೇ ತೊಟ್ಟ ಹೆಲ್ಮೆಟ್ಟಿನ ಮಾತು ಬೇರೆಯೇ ಆದದ್ದರಿಂದ ಅದನ್ನು ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ.

ಚೀಟಿಗಳನ್ನು ಓದುವ ಬಗೆ

ಹೆಲ್ಮೆಟ್ ಕೈಗೆ ಬಂದೊಡನೆ ಅದನ್ನು ಮಗುಚಿ, ಗದ್ದದ ಪಟ್ಟಿಯನ್ನು ಬೆಳಕಿಗೆ ಹಿಡಿಯಿರಿ. ಯುರೋಪಿನ ಮಾನ್ಯತೆ ಪಡೆದ ಹೆಲ್ಮೆಟ್ ಆಗಿದ್ದರೆ ಅಲ್ಲಿ ಚಿಕ್ಕದೊಂದು ಬಟ್ಟೆಯ ಚೀಟಿಯನ್ನು ಹೊಲಿದಿರುತ್ತಾರೆ. ಅದರಲ್ಲಿ ವೃತ್ತದೊಳಗೆ ಇಂಗ್ಲಿಷಿನ ಇ (E) ಅಕ್ಷರ, ಅದರ ಪಕ್ಕಕ್ಕೆ ಮಾನ್ಯತೆ ಕೊಟ್ಟ ದೇಶದ ಸಂಖ್ಯೆ ಇರುತ್ತದೆ: 1 ಎಂದರೆ ಜರ್ಮನಿ, 2 ಫ್ರಾನ್ಸ್, 3 ಇಟಲಿ, 4 ನೆದರ್‌ಲ್ಯಾಂಡ್ಸ್, 11 ಬ್ರಿಟನ್. ಇದು ಮಾನ್ಯತೆ ನೀಡಿದ ದೇಶವನ್ನು ಹೇಳುತ್ತದೆಯೇ ಹೊರತು ತಯಾರಾದ ದೇಶವನ್ನಲ್ಲ. ಜಪಾನಿನಲ್ಲಿ ತಯಾರಾದ ಹೆಲ್ಮೆಟ್ಟಿನಲ್ಲಿ ನೆದರ್‌ಲ್ಯಾಂಡ್ಸಿನ ಸಂಖ್ಯೆ ಕಂಡರೆ ಗಾಬರಿಯಾಗಬೇಕಿಲ್ಲ. ವೃತ್ತದ ಕೆಳಗಿನ ಉದ್ದ ಸಂಖ್ಯೆಯ ಮೊದಲ ಎರಡು ಅಂಕಿಗಳು ಮುಖ್ಯವಾದವು. 05 ಎಂದಿದ್ದರೆ ಅದು 2000ದಲ್ಲಿ ಜಾರಿಗೆ ಬಂದ 22.05 ಮಾನದಂಡ, 06 ಎಂದಿದ್ದರೆ 2021ರ ಜನವರಿಯಲ್ಲಿ ಜಾರಿಗೆ ಬಂದ 22.06. ಓರೆಗೆರೆಯ ನಂತರ ಬರುವ ಪಿ (P) ಅಕ್ಷರ, ಗದ್ದದ ಭಾಗವೂ ರಕ್ಷಣೆ ಕೊಡುತ್ತದೆ ಎಂಬುದನ್ನು ಸೂಚಿಸುತ್ತದೆ. ಪೂರ್ಣಮುಖದ ರೇಸಿಂಗ್ ಹೆಲ್ಮೆಟ್ಟಿನಲ್ಲಿ ಇದು ಇರಲೇಬೇಕು. ಅದರ ಮುಂದಿನದು ತಯಾರಿಕೆಯ ಕ್ರಮಸಂಖ್ಯೆ.

ಇಷ್ಟು ತಿಳಿದರೆ ಸಾಕು, ಎಷ್ಟೋ ಸುಳ್ಳುಗಳು ಅಲ್ಲಿಯೇ ಬಯಲಾಗುತ್ತವೆ. ಕೆವಿನ್ ಶ್ವಾಂಟ್ಸ್ ಅವರು ವಿಶ್ವ ಚಾಂಪಿಯನ್ ಆದ 1993ರಲ್ಲೇ ಮಾಡಿದ ರೆಪ್ಲಿಕಾ ಎಂದು ಹೇಳಿ ತೋರಿಸಿದ ಹೆಲ್ಮೆಟ್ಟಿನ ಚೀಟಿ 05ರಿಂದ ಆರಂಭವಾಗಿದ್ದರೆ, ಅದು ಏಳು ವರ್ಷವಾದರೂ ಆಮೇಲಿನದು. ಅದು ಸಾಚಾ ಅರಾಯ್ ಹೆಲ್ಮೆಟ್ಟೇ ಇರಬಹುದು, ಮುಂದೆ ಬಂದ ಮರುಆವೃತ್ತಿಯೂ ಇರಬಹುದು. ಆದರೆ ಹೇಳಿದ ವರ್ಷದ್ದಲ್ಲ, ಹಾಗಾಗಿ ಹೇಳಿದ ಬೆಲೆಗೂ ತಕ್ಕುದಲ್ಲ.

ಅಮೆರಿಕದ ಮಾರುಕಟ್ಟೆಗೆ ಮಾಡಿದ ಹೆಲ್ಮೆಟ್‌ಗಳಲ್ಲಿ ಕಾಲವನ್ನು ಹಿಡಿಯುವುದು ಇನ್ನೂ ಸುಲಭ. ಅಲ್ಲಿನ ನಿಯಮದಂತೆ ತಯಾರಕರ ಹೆಸರು, ಮಾದರಿ, ಅಳತೆ, ತಯಾರಾದ ತಿಂಗಳು ಮತ್ತು ವರ್ಷ ಹೆಲ್ಮೆಟ್ಟಿನಲ್ಲೇ ನಮೂದಾಗಿರಬೇಕು. ಹಿಂಭಾಗದ ಹೊರಗೆ ಕಾಣುವ, ಅಮೆರಿಕದ ಸಾರಿಗೆ ಇಲಾಖೆಯನ್ನು ಸೂಚಿಸುವ ಡಾಟ್ (DOT) ಗುರುತು ಕೂಡ ಕಾಲವನ್ನು ಹೇಳುತ್ತದೆ: 2013ರ ಮೇ ತಿಂಗಳಿನಿಂದ ತಯಾರಾದವುಗಳಲ್ಲಿ ಆ ಮೂರು ಅಕ್ಷರಗಳ ಜೊತೆಗೆ ಎಫ್‌ಎಂವಿಎಸ್‌ಎಸ್ 218 ಎಂಬ ನಿಯಮಸಂಖ್ಯೆ ಮತ್ತು ಪ್ರಮಾಣೀಕರಿಸಿದ ಮಾತು ಇರಬೇಕು, ಅದಕ್ಕೆ ಹಿಂದಿನವುಗಳಲ್ಲಿ ಬರಿಯ ಅಕ್ಷರಗಳಿದ್ದರೆ ತಪ್ಪಿಲ್ಲ. ಸ್ನೆಲ್ ಮಾನ್ಯತೆಯ ಅಂಟುಚೀಟಿ ಸಾಮಾನ್ಯವಾಗಿ ಒಳಮೆತ್ತೆಯ ಅಡಿಯಲ್ಲಿ ಅಡಗಿರುತ್ತದೆ. 1956ರಲ್ಲಿ ರೇಸಿನಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ ವಿಲಿಯಂ ಸ್ನೆಲ್ ಅವರ ನೆನಪಿಗೆ 1957ರಲ್ಲಿ ಆರಂಭವಾದ ಈ ಪ್ರತಿಷ್ಠಾನ ಸುಮಾರು ಐದು ವರ್ಷಕ್ಕೊಮ್ಮೆ ಮಾನದಂಡವನ್ನು ಬಿಗಿಗೊಳಿಸುತ್ತ ಬಂದಿದೆ. ಎಂ95, ಎಂ2000, ಎಂ2005, ಎಂ2010, ಎಂ2015, ಎಂ2020 ಎಂಬ ಹೆಸರುಗಳಲ್ಲಿ ವರ್ಷವೇ ಇದೆ. ಒಂದು ಮಾನದಂಡದ ಹೆಲ್ಮೆಟ್‌ಗಳು ಹಲವು ವರ್ಷ ತಯಾರಾಗುವುದರಿಂದ ಈ ಚೀಟಿ ಖಚಿತ ದಿನಾಂಕವನ್ನು ಹೇಳುವುದಿಲ್ಲ, ಇದಕ್ಕಿಂತ ಹಿಂದಿನದಲ್ಲ ಎಂಬ ಗಡಿಯನ್ನು ಮಾತ್ರ ಹಾಕುತ್ತದೆ. ಸಂಗ್ರಾಹಕರಿಗೆ ಆ ಗಡಿಯೇ ಬಹಳ.

ಇತ್ತೀಚಿನ ರೇಸಿಂಗ್ ಹೆಲ್ಮೆಟ್‌ಗಳಲ್ಲಿ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟವಾದ ಎಫ್‌ಐಎಂ ಕೊಡುವ ಮಾನ್ಯತೆಯ ಚೀಟಿಯೂ ಇರುತ್ತದೆ. 2019ರಿಂದ ಗ್ರ್ಯಾಂಡ್ ಪ್ರೀ ರೇಸುಗಳಿಗೆ ಕಾಲಿಟ್ಟ ಈ ವ್ಯವಸ್ಥೆಯಲ್ಲಿ ಚೀಟಿಯ ಮೇಲೆ ಕ್ಯೂಆರ್ ಕೋಡ್ ಇರುವುದರಿಂದ ಪರಿಶೀಲನೆಗೆ ಅನುಕೂಲ. ಜಪಾನಿನ ದೇಶೀಯ ಮಾರುಕಟ್ಟೆಗೆಂದು ಮಾಡಿದವುಗಳಲ್ಲಿ ಎಸ್‌ಜಿ, ಪಿಎಸ್‌ಸಿ, ಜೆಐಎಸ್ ಮೊದಲಾದ ಅಲ್ಲಿನ ಮಾನ್ಯತೆಯ ಗುರುತುಗಳಿದ್ದು ಯುರೋಪಿನ ಚೀಟಿ ಇಲ್ಲದಿರಬಹುದು. ಹೆಸರಿನ ಗೊಂದಲವೂ ಇಲ್ಲಿಯೇ ಹುಟ್ಟುತ್ತದೆ. ಅರಾಯ್ ಸಂಸ್ಥೆಯ ಒಂದೇ ಪೀಳಿಗೆಯ ಹೆಲ್ಮೆಟ್ ಜಪಾನಿನಲ್ಲಿ ಆರ್‌ಎಕ್ಸ್-7ಎಕ್ಸ್, ಯುರೋಪಿನಲ್ಲಿ ಆರ್‌ಎಕ್ಸ್-7ವಿ, ಅಮೆರಿಕದಲ್ಲಿ ಕೋರ್ಸೇರ್-ಎಕ್ಸ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಶೋಯ್ ಸಂಸ್ಥೆಯ ಎಕ್ಸ್-ಫೋರ್ಟೀನ್ ಯುರೋಪಿನಲ್ಲಿ ಎಕ್ಸ್-ಸ್ಪಿರಿಟ್ 3 ಆಯಿತು. ಹೆಸರು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ನಕಲಿ ಎಂದು ತಳ್ಳಿಹಾಕಿ ಒಳ್ಳೆಯ ಹೆಲ್ಮೆಟ್ ಕಳೆದುಕೊಳ್ಳಬೇಡಿ. ಹೆಸರು, ಚೀಟಿ, ಪೆಟ್ಟಿಗೆ ಈ ಮೂರೂ ಒಂದೇ ಮಾರುಕಟ್ಟೆಯನ್ನು ಹೇಳುತ್ತಿವೆಯೇ ಎಂದು ನೋಡಿ.

ಬಣ್ಣ ಮತ್ತು ಮೇಲ್ಕವಚ

ಚೀಟಿಗಳು ಸರಿಕಂಡ ಮೇಲೆ ಬಣ್ಣಕ್ಕೆ ಬನ್ನಿ. ತಯಾರಕರ ರೆಪ್ಲಿಕಾಗಳಲ್ಲಿ ಚಿತ್ರಗಳನ್ನು ತೆಳ್ಳನೆಯ ಡೆಕಲ್‌ಗಳಾಗಿ (ಅಚ್ಚಾದ ಅಂಟುಚಿತ್ರಗಳಾಗಿ) ಕೈಯಿಂದಲೇ ಕೂರಿಸಿ, ಅದರ ಮೇಲೆ ಪಾರದರ್ಶಕ ವಾರ್ನಿಷ್ ಹೊಡೆದು ನಯಗೊಳಿಸುತ್ತಾರೆ. ಟಾರ್ಚನ್ನು ಹೆಲ್ಮೆಟ್ಟಿನ ಮೈಗೆ ಸಮಾನಾಂತರವಾಗಿ ಹಿಡಿದು ಬೆಳಕು ಓರೆಯಾಗಿ ಹರಿಯುವಂತೆ ಮಾಡಿ, ಚಿತ್ರದ ಅಂಚಿನ ಮೇಲೆ ಬೆರಳಿನ ತುದಿಯನ್ನು ನಿಧಾನವಾಗಿ ಎಳೆಯಿರಿ. ಒಳ್ಳೆಯ ಕೆಲಸದಲ್ಲಿ ಅಂಚು ಕಣ್ಣಿಗೆ ಕಂಡರೂ ಬೆರಳಿಗೆ ಸಿಗುವುದು ಕಷ್ಟ. ನಕಲಿಯಲ್ಲಿ ಅಂಟುಚಿತ್ರ ವಾರ್ನಿಷಿನ ಮೇಲೆಯೇ ಕೂತಿದ್ದು ಉಗುರಿಗೆ ತಾಗುತ್ತದೆ. ಗಾಳಿಕಿಂಡಿಯ ಮುಚ್ಚಳ ಮತ್ತು ಮೇಲ್ಕವಚ ಸೇರುವ ಜಾಗದಲ್ಲಿ ಚಿತ್ರದ ಗೆರೆ ಎರಡೂ ಕಡೆ ಕೂಡಿಕೊಳ್ಳುತ್ತದೆಯೇ ಎಂಬುದನ್ನೂ ಗಮನಿಸಿ, ಏಕೆಂದರೆ ಉಬ್ಬುತಗ್ಗಿನ ಮೇಲೆ ಗೆರೆಯನ್ನು ಒಂದುಗೂಡಿಸುವುದು ನುರಿತ ಕೈಗಳಿಗೆ ಮಾತ್ರ ಸಾಧ್ಯವಾಗುವ ಕೆಲಸ. ನನಗೆ ಈ ಹೆಲ್ಮೆಟ್‌ಗಳ ಮೇಲೆ ಇರುವ ಪ್ರೀತಿಗೆ ಅರ್ಧ ಕಾರಣ ಈ ಗೆರೆಗಳೇ.

ಉನ್ನತ ದರ್ಜೆಯ ರೇಸಿಂಗ್ ಹೆಲ್ಮೆಟ್‌ಗಳ ಮೇಲ್ಕವಚ ಕಾರ್ಬನ್ ನಾರು, ಗಾಜುನಾರು, ಅರಾಮಿಡ್ ನಾರುಗಳನ್ನು ರಾಳದಲ್ಲಿ ಬೆಸೆದು ಆದದ್ದು. ನಕಲಿಗಳು ಹೆಚ್ಚಾಗಿ ಅಚ್ಚಿಗೆ ಹೊಯ್ದ ಪ್ಲಾಸ್ಟಿಕ್ಕಿನವು. ಕೆಳ ಅಂಚಿನ ರಬ್ಬರನ್ನು ಕೀಳದೆ ಸ್ವಲ್ಪವೇ ಸರಿಸಿ ನೋಡಿದರೆ ನಾರಿನ ಹೆಣಿಗೆಯೋ ಅಚ್ಚಿನ ಜೋಡುಗೆರೆಯೋ ಕಾಣಸಿಗಬಹುದು. ರೇಸಿಂಗ್ ಮಾದರಿಗಳಲ್ಲಿ ಗದ್ದದ ಪಟ್ಟಿಯನ್ನು ಬಿಗಿಯುವುದು ಎರಡು ಡಿ ಆಕಾರದ ಲೋಹದ ಬಳೆಗಳಿಂದ. ಅಲ್ಲಿ ಕ್ಲಿಕ್ ಎನ್ನುವ ಪ್ಲಾಸ್ಟಿಕ್ ಕೊಕ್ಕೆ ಇದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ತೂಕದ ಯಂತ್ರದ ಮೇಲಿಟ್ಟು, ತಯಾರಕರು ಆ ಅಳತೆಗೆ ಹೇಳಿದ ತೂಕದ ಹತ್ತಿರಹತ್ತಿರ ಇದೆಯೇ ಎಂದೂ ನೋಡಬಹುದು.

ಪ್ರಾಯೋಜಕರ ಗುರುತುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಟಿವಿಯಲ್ಲಿ ಕಂಡ ಹೆಲ್ಮೆಟ್ಟಿನ ಮೇಲಿದ್ದ ಪ್ರತಿಯೊಂದು ಗುರುತೂ ಮಾರಾಟದ ರೆಪ್ಲಿಕಾದಲ್ಲಿ ಇರುವುದಿಲ್ಲ, ಪರವಾನಗಿಯ ಕಾರಣಕ್ಕೆ ತಯಾರಕರು ಕೆಲವನ್ನು ಬಿಟ್ಟಿರುತ್ತಾರೆ. ಆ ಖಾಲಿ ಜಾಗಕ್ಕೆ ಆಮೇಲೆ ಯಾರೋ ಅಂಟುಚಿತ್ರ ಹಚ್ಚಿ ಟಿವಿಯಲ್ಲಿ ಕಂಡಂತೆಯೇ ಮಾಡಿರುತ್ತಾರೆ. ಅಂದ ಹೆಚ್ಚಿದರೂ ಅದು ಬದಲಾಯಿಸಿದ ವಸ್ತು. ತಯಾರಕರ ಚಿತ್ರಪಟ್ಟಿಯಲ್ಲಿ ಇದ್ದಂತೆಯೇ ಇರುವ ಹೆಲ್ಮೆಟ್ಟಿಗೇ ಸಂಗ್ರಹದಲ್ಲಿ ಮೇಲುಸ್ಥಾನ.

ರೇಸಿನಲ್ಲಿ ತೊಟ್ಟದ್ದು, ಸಹಿ ಮಾಡಿದ್ದು

ಸವಾರರೇ ತೊಟ್ಟ ಹೆಲ್ಮೆಟ್ ಎಂದರೆ ಬೆಲೆ ಹಲವು ಪಟ್ಟು ಏರುತ್ತದೆ, ಆದ್ದರಿಂದ ಪುರಾವೆಯ ಭಾರವೂ ಹಾಗೆಯೇ ಏರಬೇಕು. ಒಬ್ಬ ಸವಾರ ಒಂದು ಋತುವಿನಲ್ಲಿ ಒಂದೇ ವಿನ್ಯಾಸದ ಹಲವು ಹೆಲ್ಮೆಟ್‌ಗಳನ್ನು ಬಳಸುತ್ತಾರೆ. ಅವರದೇ ಹೆಲ್ಮೆಟ್ ಎಂದು ತೋರಿಸಿದ ಮಾತ್ರಕ್ಕೆ ಇಂಥ ರೇಸಿನ ಹೆಲ್ಮೆಟ್ ಎಂದು ತೋರಿಸಿದಂತೆ ಆಗುವುದಿಲ್ಲ. ನಂಬಬಹುದಾದ ದಾರಿ ಛಾಯಾಚಿತ್ರಗಳೊಂದಿಗೆ ತಾಳೆ ನೋಡುವುದು. ಆ ದಿನದ ಸ್ಪಷ್ಟ ಚಿತ್ರಗಳನ್ನು ಕೂಡಿಸಿಕೊಂಡು, ಅಂಟುಚಿತ್ರವೊಂದು ಎಷ್ಟು ಓರೆಯಾಗಿ ಕೂತಿದೆ, ಅದರ ಅಡಿಯಲ್ಲಿ ಗಾಳಿಗುಳ್ಳೆ ಎಲ್ಲಿದೆ, ಕಲ್ಲು ಸಿಡಿದ ಚುಕ್ಕೆ ಯಾವ ಗೆರೆಯ ಪಕ್ಕದಲ್ಲಿದೆ ಎಂಬಂಥ, ಕೈಕೆಲಸದಿಂದ ಅಥವಾ ಬಳಕೆಯಿಂದ ಮಾತ್ರ ಉಂಟಾಗುವ ಗುರುತುಗಳನ್ನು ಒಂದೊಂದಾಗಿ ಹೋಲಿಸಬೇಕು. ಚಿತ್ರದ ವಿನ್ಯಾಸ ಹೊಂದುವುದು ಪುರಾವೆಯಲ್ಲ, ಕುಂದು ಹೊಂದುವುದು ಪುರಾವೆ.

ಒಳಗೂ ಸಾಕ್ಷಿಗಳಿರುತ್ತವೆ. ವೈಸರಿನ ಮೇಲೆ ಕೊಳೆಯಾದಂತೆ ಕಿತ್ತೊಗೆಯುವ ಪಾರದರ್ಶಕ ಹಾಳೆಗಳನ್ನು ಸಿಕ್ಕಿಸುವ ಮೊಳೆಗಳು, ಗದ್ದದ ಬಳಿ ನೀರಿನ ನಳಿಕೆಗೆ ಮಾಡಿದ ದಾರಿ, ಸವಾರರ ತಲೆಯ ಆಕಾರಕ್ಕೆ ತಕ್ಕಂತೆ ದಪ್ಪ ಬದಲಿಸಿದ ಕೆನ್ನೆಮೆತ್ತೆಗಳು ನಿಜವಾದ ಬಳಕೆಯನ್ನು ಸೂಚಿಸುತ್ತವೆ. ಕೆಲವರ ಹವ್ಯಾಸಗಳೂ ಹೆಲ್ಮೆಟ್ಟಿನಲ್ಲಿ ಅಚ್ಚಾಗಿವೆ: ರೇಸಿನ ಆರಂಭಕ್ಕೆ ಕಾಯುವಾಗಲೂ ಸಿಗರೇಟು ಸೇದಲೆಂದು ಶೀನ್ ಅವರು ತಮ್ಮ ಹೆಲ್ಮೆಟ್ಟಿನ ಗದ್ದದ ಭಾಗದಲ್ಲಿ ರಂಧ್ರ ಕೊರೆಸಿಕೊಂಡಿದ್ದರು. ಇಂಥ ಹೆಲ್ಮೆಟ್ಟಿನ ಒಳಮೆತ್ತೆಯನ್ನು ಎಂದಿಗೂ ತೊಳೆಯಬೇಡಿ. ಬೆವರಿನ ಕಲೆ ಅಲ್ಲಿ ಕೊಳೆಯಲ್ಲ, ದಾಖಲೆ. ಬಿದ್ದು ಉಜ್ಜಿದ ಗುರುತುಗಳಿದ್ದರೆ ಅದನ್ನು ಸರಿಪಡಿಸಲೂ ಹೋಗಬೇಡಿ. ಸವಾರರ ಪ್ರಾಣ ಹೋದ ಅಪಘಾತದ ಹೆಲ್ಮೆಟ್ ಎಂದು ಯಾರಾದರೂ ಮುಂದಿಟ್ಟರೆ ಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಅದು ಕುಟುಂಬಕ್ಕೆ ಸೇರಬೇಕಾದದ್ದು.

ಸಹಿಯ ವಿಷಯಕ್ಕೆ ಹೆಚ್ಚು ಮಾತು ಬೇಡ. ಸಹಿ ಮಾಡುತ್ತಿರುವಾಗಿನ ಚಿತ್ರದಲ್ಲಿ ಇದೇ ಹೆಲ್ಮೆಟ್ ಕಾಣುತ್ತಿದ್ದರೆ ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಇಲ್ಲ. ಮಾಮೂಲಿ ಮಾರ್ಕರ್ ಶಾಯಿ ಬೆಳಕಿಗೆ ಮಾಸುತ್ತದೆ, ಪೇಂಟ್ ಮಾರ್ಕರ್ ಹೆಚ್ಚು ಬಾಳುತ್ತದೆ. ಸಹಿಯನ್ನು ಉಳಿಸಲೆಂದು ಅದರ ಮೇಲೆ ವಾರ್ನಿಷ್ ಹೊಡೆದರೆ ಶಾಯಿ ಕರಗಿ ಹರಡುವ ಅಪಾಯವಿದೆ.

ವ್ಯವಹಾರ

ದೂರದಿಂದ ಕೊಳ್ಳುವುದಾದರೆ ಆರು ಕಡೆಯ ಚಿತ್ರಗಳ ಜೊತೆಗೆ ಗದ್ದಪಟ್ಟಿಯ ಚೀಟಿ, ಒಳಗಿನ ದಿನಾಂಕ, ಕ್ರಮಸಂಖ್ಯೆಯ ಫಲಕ, ಪೆಟ್ಟಿಗೆಯ ಬದಿ ಇವುಗಳ ಹತ್ತಿರದ ಚಿತ್ರಗಳನ್ನು ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವವರ ಬಳಿ ಕೊಳ್ಳುವ ಅವಸರ ಬೇಡ, ಆ ಹೆಲ್ಮೆಟ್ ಇನ್ನೊಬ್ಬರ ಬಳಿಯೂ ಎಂದಾದರೂ ಸಿಗುತ್ತದೆ. ಬೆಲೆಯನ್ನು ಅಂದಾಜಿಸುವಾಗ ಮಾರಾಟಗಾರರು ಕೇಳುತ್ತಿರುವ ಮೊತ್ತಗಳನ್ನು ಬದಿಗಿಟ್ಟು, ಹರಾಜುಗಳಲ್ಲಿ ನಿಜಕ್ಕೂ ಮಾರಾಟವಾದ ಮೊತ್ತಗಳನ್ನು ನೋಡಿ. ಮೂಲ ಪೆಟ್ಟಿಗೆ, ಬಟ್ಟೆಯ ಚೀಲ, ಕೈಪಿಡಿ, ಪ್ರಮಾಣಪತ್ರ, ಹೆಚ್ಚುವರಿ ವೈಸರ್, ಬಿಡಿಯಾಗಿ ಬಂದ ಸ್ಪಾಯ್ಲರ್ (ಹಿಂಭಾಗಕ್ಕೆ ಸಿಕ್ಕಿಸುವ ಗಾಳಿರೆಕ್ಕೆ) ಇವೆಲ್ಲ ಪೂರ್ತಿಯಾಗಿ ಇರುವ ಹೆಲ್ಮೆಟ್ಟಿಗೂ ಬರಿಯ ಹೆಲ್ಮೆಟ್ಟಿಗೂ ಬೆಲೆಯಲ್ಲಿ ಗಣನೀಯ ಅಂತರವಿರುತ್ತದೆ. ಅತಿ ಚಿಕ್ಕ ಮತ್ತು ಅತಿ ದೊಡ್ಡ ಅಳತೆಗಳನ್ನು ಮುಂದೆ ಮಾರುವುದು ನಡುವಿನ ಅಳತೆಗಳಷ್ಟು ಸುಲಭವಲ್ಲ.

ಕಾಪಾಡುವುದು

ಹೆಲ್ಮೆಟ್ಟಿನ ಮೊದಲ ಶತ್ರು ಬಿಸಿಲು. ಅದರಲ್ಲೂ ಹೊಳೆಯುವ ಫ್ಲೋರೊಸೆಂಟ್ ಬಣ್ಣಗಳು ನೇರಳಾತೀತ ಕಿರಣಕ್ಕೆ ಬೇಗ ಸೋಲುತ್ತವೆ. ರೋಸ್ಸಿ ಅವರ ಹೆಲ್ಮೆಟ್‌ಗಳ ಹೆಗ್ಗುರುತಾದ ಆ ಉಜ್ವಲ ಹಳದಿಯೇ ಎಲ್ಲಕ್ಕಿಂತ ಮೊದಲು ಪೇಲವವಾಗುವುದು ವಿಷಾದದ ಸಂಗತಿ. ಕಿಟಕಿಯ ಎದುರು ಇಡಬೇಡಿ, ನೇರಳಾತೀತ ಕಿರಣವನ್ನು ತಡೆಯುವ ಅಕ್ರಿಲಿಕ್ ಪೆಟ್ಟಿಗೆಯಲ್ಲಿಡಿ, ಬಿಸಿಯಾಗುವ ಹ್ಯಾಲೊಜೆನ್ ದೀಪದ ಬದಲು ಎಲ್‌ಇಡಿ ಬಳಸಿ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಬಾರದು. ಹಳತಾಗುವ ಮೆತ್ತೆ, ಅಂಟು, ರಬ್ಬರುಗಳು ಬಿಡುವ ಆವಿ ಒಳಗೇ ನಿಂತು ವೈಸರಿನ ಮೇಲೆ ಮಬ್ಬಾಗಿ ಕೂರುತ್ತದೆ.

ಎರಡನೆಯ ಶತ್ರು ತೇವ. ಒಳಮೆತ್ತೆಯ ಪಾಲಿಯುರೆಥೇನ್ ಸ್ಪಂಜು ಗಾಳಿಯ ತೇವವನ್ನು ಹೀರಿ ವರ್ಷಗಳಲ್ಲಿ ಜಿಗುಟಾಗಿ, ಆಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡಾ 40ರಿಂದ 50ರ ಆಸುಪಾಸಿನಲ್ಲಿ ಇರುವಂತೆ ನೋಡಿಕೊಂಡರೆ ಒಳ್ಳೆಯದು. ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಅವು ತೇವ ಹೀರಿ ತುಂಬಿದಾಗ ಬದಲಿಸಿ. ಮೆತ್ತೆ ಪುಡಿಯಾಗತೊಡಗಿದ್ದರೆ ಹೊಸದನ್ನು ಹಾಕಿಸಿದರೂ ಹಳೆಯದನ್ನು ಚೀಲದಲ್ಲಿ ಜೋಪಾನವಾಗಿಡಿ, ಅದರ ಮೇಲಿನ ಚೀಟಿಗಳು ಹೆಲ್ಮೆಟ್ಟಿನ ಇತಿಹಾಸಕ್ಕೆ ಸೇರಿದವು.

ಪೆಟ್ರೋಲಿನ ಆವಿ, ಥಿನ್ನರ್, ಕೀಟನಾಶಕಗಳ ಹತ್ತಿರ ಹೆಲ್ಮೆಟ್ ಇರಲೇಬಾರದು, ಏಕೆಂದರೆ ಒಳಗಿನ ಥರ್ಮಾಕೋಲ್ ಪದರವನ್ನು ಅವು ಕರಗಿಸುತ್ತವೆ. ಒರೆಸಲು ಉಗುರುಬೆಚ್ಚನೆಯ ನೀರು, ಸೌಮ್ಯವಾದ ಸಾಬೂನು, ಮೆದುವಾದ ಮೈಕ್ರೊಫೈಬರ್ ಬಟ್ಟೆ ಸಾಕು. ಅಮೋನಿಯಾ ಇರುವ ಗಾಜಿನ ಕ್ಲೀನರ್ ವೈಸರಿನ ಪಾಲಿಕಾರ್ಬೊನೇಟನ್ನು ಕೆಡಿಸುತ್ತದೆ. ಹೊಳಪಿಲ್ಲದ ಮ್ಯಾಟ್ ಮೈಗೆ ವ್ಯಾಕ್ಸ್ ಹಚ್ಚಿದರೆ ಅಲ್ಲಲ್ಲಿ ಮಿಂಚುವ ಕಲೆಗಳು ಉಳಿಯುತ್ತವೆ. ವೈಸರಿನ ಅಂಚಿನ ರಬ್ಬರಿಗೆ ಆಗಾಗ ತಯಾರಕರು ಕೊಟ್ಟ ಸಿಲಿಕೋನ್ ಎಣ್ಣೆಯನ್ನು ತೆಳ್ಳಗೆ ಸವರಿ. ವೈಸರಿನ ಮೇಲೆ ಅಂಗಡಿಯಿಂದ ಬಂದ ರಕ್ಷಣಾ ಹಾಳೆಯನ್ನು ಕೀಳದೆ ಉಳಿಸುವ ಸಂಗ್ರಾಹಕರು ಬಹಳ ಮಂದಿ. ವರ್ಷಗಟ್ಟಲೆ ಹಾಗೆ ಬಿಟ್ಟರೆ ಅಂಟು ಬೇರೂರಿ ಕಲೆ ನಿಲ್ಲುವುದರಿಂದ, ಹಾಳೆಯನ್ನು ತೆಗೆದು ಕಡತದಲ್ಲಿ ಇಟ್ಟುಕೊಳ್ಳುವುದೇ ಸರಿ ಎಂಬುದು ನನ್ನ ನಿಲುವು.

ಹೆಲ್ಮೆಟ್ಟನ್ನು ಗದ್ದಪಟ್ಟಿಯಿಂದ ತೂಗುಹಾಕಬೇಡಿ, ಚೂಪಾದ ಗೂಟದ ಮೇಲೆ ನೆತ್ತಿ ಊರುವಂತೆ ಇಡಬೇಡಿ; ಥರ್ಮಾಕೋಲ್ ಒಮ್ಮೆ ಅದುಮಿದರೆ ಮತ್ತೆ ಉಬ್ಬುವುದಿಲ್ಲ. ಅಗಲವಾದ ಮೆತ್ತನೆಯ ಉಂಗುರದ ಮೇಲೆ ಕೆಳ ಅಂಚಿನ ಸುತ್ತಲೂ ಭಾರ ಹಂಚಿಹೋಗುವಂತೆ ಕೂರಿಸಿ. ಪ್ರತಿ ಹೆಲ್ಮೆಟ್ಟಿಗೂ ಒಂದು ಕಡತ ತೆರೆದು, ಕೊಂಡ ರಸೀದಿ, ಹಿಂದಿನ ಮಾಲೀಕರೊಂದಿಗಿನ ಪತ್ರವ್ಯವಹಾರ, ಎಲ್ಲ ಚೀಟಿಗಳ ಚಿತ್ರ, ಬದಲಿಸಿದ ಭಾಗಗಳ ವಿವರಗಳನ್ನು ಸೇರಿಸುತ್ತ ಹೋಗಿ. ವಿಮೆ ಮಾಡಿಸುವಾಗ ಕೇಳುವುದೂ ಇದನ್ನೇ. ಬೇರೆಡೆಗೆ ಕಳಿಸಬೇಕಾದಾಗ ವೈಸರನ್ನು ಮುಚ್ಚಿ, ಒಳಗೆ ಮೆದುವಾದ ಬಟ್ಟೆ ತುಂಬಿ, ಮೂಲ ಪೆಟ್ಟಿಗೆಯಲ್ಲಿಟ್ಟು, ಅದನ್ನು ಸುತ್ತ ನಾಲ್ಕು ಬೆರಳಿನಷ್ಟು ಮೆತ್ತೆ ಇರುವ ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗೆ ಇರಿಸಿ ಕಳಿಸಿ, ಏಕೆಂದರೆ ಸಾಗಣೆಯಲ್ಲಿ ಮೂಲ ಪೆಟ್ಟಿಗೆಯ ಮೂಲೆ ಜಜ್ಜಿದರೂ ಹೆಲ್ಮೆಟ್ಟಿನ ಬೆಲೆಗೆ ಅಷ್ಟರಮಟ್ಟಿಗೆ ಪೆಟ್ಟು ಬೀಳುತ್ತದೆ.